ಕಷಾಯ ಕುಡಿದು ಮಲಗಿದ ದಿನದ ಕೂಲಿ

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಬುಗುಡಿಯ ಮಾತು ಉಳ್ಳವರಿಗಿರಲಿ, ನೆಗಡಿಯ ಮಾತು ಮಾತ್ರ ನಮ್ಮದು. ಭತ್ತದ ಕೊಯ್ಲು ಮುಗಿದು ಸಿಂಧನೂರಿನ ಅಕ್ಕಿ ಗಿರಣಿಗಳು ಹಗಲಿರುಳು ಓಡುವ ಕಾಲವೂ, ಮಸ್ಕಿ ಲಿಂಗಸುಗೂರು ಕಡೆಯ ಹತ್ತಿ ಬಂಡಿಯೇರಿ ಪೇಟೆಗೆ ಬರುವ ಕಾಲವೂ, ಚಳಿ ಬಿದ್ದು ಮೂಗು ಸುರಿಯುವ ಕಾಲವೂ ಒಂದೇ. ಆ ದಿನಗಳಲ್ಲಿ ದುಡಿಯುವವರ ಮನೆಮನೆಯಲ್ಲೂ ಒಲೆಯ ಮೇಲೆ ಕಷಾಯ ಕುದಿಯುತ್ತದೆ. ಅದೇ ದಿನಗಳಲ್ಲಿ ದೊಡ್ಡವರ ಉಪದೇಶವೂ ಕುದಿಯತೊಡಗುತ್ತದೆ: "ಮನೆಮದ್ದು ಮಾಡಿಕೊಳ್ಳಿರಿ, ಶಕ್ತಿ ಬೆಳೆಸಿಕೊಳ್ಳಿರಿ, ಸಣ್ಣ ನೆಗಡಿಗೆ ರಜೆ ಏಕೆ, ಆಸ್ಪತ್ರೆ ಏಕೆ?"

ಕಷಾಯದ ಮೇಲೆ ನಮಗೆ ಜಗಳವಿಲ್ಲ. ಎರಡು ಲೋಟ ನೀರಿಗೆ ಹೆಬ್ಬೆರಳ ತುದಿಯಷ್ಟು ಶುಂಠಿ ಜಜ್ಜಿ ಹಾಕಿ, ಐದಾರು ಕಾಳುಮೆಣಸು, ಒಂದು ಚಮಚೆ ಕೊತ್ತಂಬರಿ ಬೀಜ, ಅರ್ಧ ಚಮಚೆ ಜೀರಿಗೆ, ನಾಲ್ಕೆಂಟು ತುಳಸಿ ಎಲೆ ಅಥವಾ ಎರಡು ದೊಡ್ಡಪತ್ರೆ ಎಲೆ ಸೇರಿಸಿ, ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಬೆಲ್ಲ ಹಾಕಿ ಬಿಸಿಯಾಗಿ ಕುಡಿದರೆ ಗಂಟಲಿಗೆ ಹಿತ, ಕಟ್ಟಿದ ಮೂಗಿಗೆ ಆರಾಮ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದೂ ಒಳ್ಳೆಯದೇ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಒಂದು ಚಮಚೆ ಜೇನು ಕೊಟ್ಟರೆ ಕೆಮ್ಮು ತಗ್ಗುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು, ಅದು ವಿಷವಾಗುವ ಅಪಾಯವಿದೆ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಹಬೆಗೆ ಕೂಡಿಸುವುದೂ ಬೇಡ, ಸುಟ್ಟುಕೊಂಡ ಮಕ್ಕಳು ಕಡಿಮೆಯಿಲ್ಲ.

ಆದರೆ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಕಷಾಯ ನೋವನ್ನು ತಗ್ಗಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ನೆಗಡಿ ತರುವುದು ವೈರಸ್ಸು, ಇಂಥ ವೈರಸ್ಸುಗಳು ಇನ್ನೂರಕ್ಕೂ ಹೆಚ್ಚು ಬಗೆಯವು. ದೇಹವೇ ಅವುಗಳೊಡನೆ ಹೋರಾಡಿ ವಾರ ಹತ್ತು ದಿನಗಳಲ್ಲಿ ಗೆಲ್ಲುತ್ತದೆ. ಬೇಗ ಗುಣವಾಗಲೆಂದು ಔಷಧದಂಗಡಿಯಲ್ಲಿ ಕೇಳಿ ನುಂಗುವ ಆಂಟಿಬಯೋಟಿಕ್ ಮಾತ್ರೆ ವೈರಸ್ಸಿನ ಕೂದಲನ್ನೂ ಕೊಂಕಿಸದು. ಹಾಗಾದರೆ ದೇಹ ಗೆಲ್ಲಲು ಬೇಕಾದುದೇನು? ನೀರು, ಊಟ, ವಿಶ್ರಾಂತಿ. ಅಜ್ಜಿ ಕಷಾಯ ಕೊಟ್ಟು "ಹೊದ್ದು ಮಲಗು" ಎಂದಳು. ಅವಳ ಮದ್ದಿನ ಅರ್ಧ ಭಾಗ ಲೋಟದಲ್ಲಿತ್ತು, ಉಳಿದರ್ಧ ಕಂಬಳಿಯಲ್ಲಿತ್ತು. ಇಂದಿನ ಉಪದೇಶಕರು ಲೋಟವನ್ನು ಮಾತ್ರ ಹೊಗಳುತ್ತಾರೆ, ಕಂಬಳಿಯ ಮಾತೆತ್ತಿದರೆ ಬಾಯಿ ಮುಚ್ಚುತ್ತಾರೆ.

ಲೋಟವನ್ನಾದರೂ ನಮಗೆ ಬಿಟ್ಟರೇ? ಅದನ್ನೂ ಬಾಟಲಿಗೆ ತುಂಬಿದರು. ಬೇಲಿಯಲ್ಲಿ ಬೆಳೆಯುವ ಆಡುಸೋಗೆ, ಅಡಿಗೆಮನೆಯ ಶುಂಠಿ, ಕಟ್ಟೆಯ ತುಳಸಿ, ಇವುಗಳನ್ನೇ ಸಕ್ಕರೆ ಪಾಕದಲ್ಲಿ ಕಲಸಿ, ಚಿತ್ರ ಅಂಟಿಸಿ, ಹಲವು ಪಟ್ಟು ಬೆಲೆಗೆ ನಮಗೇ ಮಾರುತ್ತಾರೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಚೆನ್ನಾಗಿ ಬಲ್ಲವರು ಬಂಡವಾಳಗಾರರೇ. ಅರಿಶಿಣ ಗಾಯ ಮಾಯಿಸುತ್ತದೆಂಬ ಅಜ್ಜಿಯರ ತಿಳಿವಳಿಕೆಗೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟು ಕೊಟ್ಟರು. ನಮ್ಮ ವಿಜ್ಞಾನ ಸಂಶೋಧನ ಮಂಡಳಿ ಹಳೆಯ ದಾಖಲೆ ತೋರಿಸಿ ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಹೊರಗಿನ ಕಳ್ಳನನ್ನು ಹಿಡಿದೆವು. ಒಳಗಿನವರ ಗತಿ?

2020ರ ಕೊರೋನಾ ಕಾಲದಲ್ಲಿ ಕೇಂದ್ರದ ಆಯುಷ್ ಇಲಾಖೆ ತುಳಸಿ, ದಾಲ್ಚಿನ್ನಿ, ಒಣಶುಂಠಿ, ಕಾಳುಮೆಣಸಿನ ಕಷಾಯ ಕುಡಿಯಿರೆಂದು ಸಲಹೆ ಕೊಟ್ಟಿತು. ಅದೇ ವರ್ಷ ಜೂನ್‌ನಲ್ಲಿ ಪತಂಜಲಿ ಕಂಪನಿ ಕೊರೋನಾ ಗುಣಪಡಿಸುತ್ತದೆಂದು ಕೊರೋನಿಲ್ ಮಾತ್ರೆಯನ್ನು ಸಾರಿತು. ಪರೀಕ್ಷೆಯಾಗುವವರೆಗೆ ಜಾಹೀರಾತು ನಿಲ್ಲಿಸೆಂದು ಆ ಇಲಾಖೆಯೇ ಹೇಳಬೇಕಾಯಿತು. ದಾರಿ ತಪ್ಪಿಸುವ ಜಾಹೀರಾತುಗಳ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟು ಛೀಮಾರಿ ಹಾಕಿದ ಮೇಲೆ ಕಂಪನಿಯ ಮುಖ್ಯಸ್ಥರು ಪತ್ರಿಕೆಗಳಲ್ಲಿ ಕ್ಷಮೆ ಕೇಳಿದರು. ಸುಳ್ಳು ಔಷಧ ಜಾಹೀರಾತನ್ನು ತಡೆಯುವ ಕಾನೂನು ಈ ದೇಶದಲ್ಲಿ 1954ರಿಂದಲೇ ಇದೆ. ಎಪ್ಪತ್ತು ವರ್ಷ ಅದು ಯಾರ ಕಪಾಟಿನಲ್ಲಿ ಮಲಗಿತ್ತು?

ಈಗ ಕಂಬಳಿಯ ಮಾತಿಗೆ ಬರೋಣ. ಹಮಾಲನಿಗೆ ಚೀಲದ ಲೆಕ್ಕದಲ್ಲಿ ಕೂಲಿ. ಚೀಲ ಎತ್ತದ ದಿನ ಕೂಲಿಯಿಲ್ಲ. ಮೈ ಕಾದರೂ ಅವನು ನಸುಕಿನಲ್ಲಿ ಕಷಾಯ ಕುಡಿದು ಗಿರಣಿಗೆ ಹೋಗುತ್ತಾನೆ. ಕಷಾಯ ಅವನಿಗೆ ಗುಣವಾಗಲು ಕುಡಿಯುವ ಮದ್ದಲ್ಲ, ಜ್ವರದಲ್ಲೂ ದುಡಿಯಲು ಕುಡಿಯುವ ಎಣ್ಣೆ, ಯಂತ್ರಕ್ಕೆ ಹಾಕಿದ ಹಾಗೆ! ಅವನ ಕೆಮ್ಮು ಪಕ್ಕದವನಿಗೆ, ಪಕ್ಕದವನದು ಮನೆಯ ಮುದುಕಿಗೆ, ಕೂಸಿಗೆ. ನೆಗಡಿಗೆಲ್ಲ ರಜೆ ಕೊಟ್ಟರೆ ಗಿರಣಿ ನಿಲ್ಲುತ್ತದೆ ಎನ್ನುವ ಮಾಲೀಕರೇ, ಫ್ಲೂ ಬಂದ ಒಬ್ಬನನ್ನು ಮನೆಗೆ ಕಳಿಸದೆ ಹತ್ತು ಜನರನ್ನು ಮಲಗಿಸುವುದು ಯಾವ ವ್ಯಾಪಾರದ ಜಾಣತನ?

ಕಾನೂನೇ ಇಲ್ಲವೇ? ಇದೆ. 1948ರ ಇ.ಎಸ್.ಐ. ಕಾನೂನು ಕಾಯಿಲೆಯ ದಿನಗಳಿಗೆ ಕೂಲಿಯ ಶೇಕಡಾ 70ರಷ್ಟನ್ನು ವರ್ಷಕ್ಕೆ 91 ದಿನಗಳವರೆಗೆ ಕೊಡುವ ಏರ್ಪಾಡು ಮಾಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಅದು ಸೇರಿಕೊಂಡಿದೆ. ಹತ್ತು ಜನ ದುಡಿಯುವ ಕಡೆ ಅದು ಸಲ್ಲಬೇಕು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಶೇಕಡಾ 70 ಯಾವುದರದು? ಮೇಲಾಗಿ ಹತ್ತಿ ಜಿನ್ನು, ಶೇಂಗಾ ಸುಲಿಯುವ ಕಾರ್ಖಾನೆಗಳನ್ನು ಹಂಗಾಮಿನವೆಂದು ಕರೆದು ಕಾನೂನೇ ಹೊರಗಿಟ್ಟಿದೆ. ಹಂಗಾಮು ಕಾರ್ಖಾನೆಗೆ ಇರಬಹುದು, ಕಾರ್ಮಿಕನ ಶ್ವಾಸಕೋಶಕ್ಕೂ ಹಂಗಾಮು ಉಂಟೇ?

ಸಣ್ಣ ವ್ಯಾಪಾರಿ ಬಂಧುಗಳೇ, ನಿಮ್ಮ ಕಷ್ಟವೂ ನಮಗೆ ಗೊತ್ತು. ಅಂಗಡಿ ಮುಚ್ಚಿದ ದಿನ ನಿಮಗೂ ಗಳಿಕೆಯಿಲ್ಲ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಆದರೂ ಎರಡು ಮಾತು ಹೇಳಬೇಕು. 1961ರ ಕರ್ನಾಟಕದ ಅಂಗಡಿಗಳ ಕಾನೂನಿನಂತೆ ನಿಮ್ಮಲ್ಲಿ ಕೆಲಸಕ್ಕಿರುವ ಹುಡುಗನಿಗೆ ವರ್ಷಕ್ಕೆ ಹನ್ನೆರಡು ದಿನದವರೆಗೆ ಕಾಯಿಲೆಯ ರಜೆ, ಕೂಲಿಸಹಿತ, ಸಲ್ಲುತ್ತದೆ. ಅದನ್ನು ಕೊಡಿರಿ. ಇನ್ನೊಂದು, ಬಿಡಿ ಶುಂಠಿ, ಬಿಡಿ ಮೆಣಸು ಮಾರುವ ನೀವು ಕಮಿಷನ್ನಿನ ಆಸೆಗೆ ಬಾಟಲಿಯನ್ನು "ಎಲ್ಲ ರೋಗಕ್ಕೂ ಒಳ್ಳೇದು" ಎಂದು ಕೈಗೆ ತುರುಕಬೇಡಿರಿ. ನಿಮ್ಮ ಗಿರಾಕಿ ಬದುಕಿದರೆ ನಿಮ್ಮ ಅಂಗಡಿ.

ಕಷಾಯವನ್ನು ನಂಬಿ ಕೂಡಬಾರದ ಹೊತ್ತುಗಳನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತುಟಿ ನೀಲಿಯಾದರೆ, ರೋಗಿ ಮಂಕಾಗಿ ಮಾತಾಡದಿದ್ದರೆ, ಇಳಿದ ಜ್ವರ ಮತ್ತೆ ಏರಿದರೆ ತಡಮಾಡದೆ ಆಸ್ಪತ್ರೆಗೆ ನಡೆಯಿರಿ. ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ಸಕ್ಕರೆ ಕಾಯಿಲೆ ದಮ್ಮು ಇರುವವರು ಫ್ಲೂ ಜ್ವರವನ್ನು ಹಗುರವೆಂದು ಬಗೆಯಬಾರದು. ಬಸುರಿಯರು ಆಡುಸೋಗೆಯನ್ನು ಮುಟ್ಟಬಾರದು. ಎರಡು ವಾರ ಮೀರಿದ ಕೆಮ್ಮು ನೆಗಡಿಯಲ್ಲ, ಕಫದ ಪರೀಕ್ಷೆ ಮಾಡಿಸಬೇಕು. ಕ್ಷಯದ ಪರೀಕ್ಷೆಯೂ ಔಷಧವೂ ಸರಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ. ಇನ್ನು ತೌಡು ಹೊಟ್ಟಿನ ಧೂಳು ತಂದ ಕೆಮ್ಮಿಗೆ ಧೂಳು ನಿಲ್ಲಿಸುವುದೇ ಮದ್ದು. ಆ ಮದ್ದು ಕಾರ್ಮಿಕನ ಹೆಂಡತಿಯ ಒಲೆಯ ಮೇಲಿಲ್ಲ, ಮಾಲೀಕನ ತಿಜೋರಿಯಲ್ಲಿದೆ.

ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಅಶೋಕನ ಹೆಸರು ಸಿಕ್ಕಿತೆಂದು ನಾವೆಲ್ಲ ಹೆಮ್ಮೆ ಪಡುತ್ತೇವೆ. ಗಿರ್ನಾರ್ ಮೊದಲಾದ ಕಡೆ ಕೆತ್ತಿಸಿದ ತನ್ನ ಎರಡನೆಯ ಬಂಡೆ ಶಾಸನದಲ್ಲಿ ಆ ದೊರೆ ಏನು ಹೇಳಿದ? ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದೆ, ಔಷಧದ ಗಿಡಗಳು ಇಲ್ಲದ ಕಡೆ ತರಿಸಿ ನೆಡಿಸಿದೆ ಎಂದ. ಗಿಡ ನೆಡಿಸುವುದೂ ಚಿಕಿತ್ಸೆ ಕೊಡಿಸುವುದೂ ಆಳುವವನ ಹೊಣೆಯೆಂದು ಬಗೆದ. ಎರಡು ಸಾವಿರ ವರ್ಷ ದಾಟಿದ ಮೇಲೆ ನಮ್ಮನ್ನಾಳುವವರು "ಕಷಾಯ ಕಾಯಿಸಿಕೊಳ್ಳಿ" ಎಂದು ಹೊಣೆಯನ್ನು ನಮ್ಮ ಒಲೆಗೇ ತಳ್ಳುತ್ತಿದ್ದಾರೆ.

ಆದ್ದರಿಂದ ನಾವು ಕೇಳುವುದು ಇಷ್ಟು. ಗಿರಣಿ, ಜಿನ್ನುಗಳಲ್ಲಿ ದುಡಿಯುವ ಪ್ರತಿಯೊಬ್ಬನ ಹೆಸರೂ ಹಾಜರಿ ಪುಸ್ತಕಕ್ಕೆ ಬರಲಿ. ಹಂಗಾಮಿನ ನೆಪ ತೆಗೆದು ಕಾಯಿಲೆಯ ಭತ್ಯ ಎಲ್ಲರಿಗೂ ಸಲ್ಲಲಿ. ಗಿರಣಿಗಳಲ್ಲಿ ಧೂಳೆಳೆಯುವ ಯಂತ್ರ ಕೂಡಲಿ. ಚಳಿಗಾಲದಲ್ಲಿ ಮೂರೂ ತಾಲ್ಲೂಕಿನ ಸರಕಾರಿ ಆಸ್ಪತ್ರೆಗಳು ಪಾಳಿ ಬಿಟ್ಟ ಕಾರ್ಮಿಕನಿಗೆ ಸಂಜೆಯೂ ತೆರೆದಿರಲಿ. ಸುಳ್ಳು ಬಾಟಲಿಗಳ ಮೇಲೆ 1954ರ ಕಾನೂನು ನಿದ್ದೆಯಿಂದೇಳಲಿ.

ಕಷಾಯವನ್ನು ನಾವೇ ಕಾಯಿಸಿಕೊಳ್ಳುತ್ತೇವೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅದನ್ನು ಕುಡಿದು ಹೊದ್ದು ಮಲಗುವ ದಿನದ ಕೂಲಿಯನ್ನು ಕೊಡಿರಿ. ಅದು ದಾನವಲ್ಲ, ನಮ್ಮ ಹಕ್ಕು.