ಬಾಡಿಗೆಯ ಮನೆ

ಪ್ಲೇಗಿನ ಹಾವಳಿಯಾದ ತರುವಾಯ 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಮಂಡಲಿಯು ಏರ್ಪಟ್ಟು, ಅಗಲವಾದ ಬೀದಿಗಳುಳ್ಳ ಬಡಾವಣೆಗಳು ಎದ್ದುವಷ್ಟೆ. ಗಾಳಿ ಬೆಳಕುಗಳು ಬಂದುವು. ನೆರೆಹೊರೆ ಮಾತ್ರ ಬೆರೆಯಲಿಲ್ಲ. ಆದಿಕರ್ನಾಟಕಪುರವು ಅಶೋಕಪುರವೆಂದಾಯಿತು. ಆದರೂ ಆ ಹೆಸರನ್ನು ಕೇಳಿದೊಡನೆ ಜನರು ನಿವಾಸಿಯ ಜಾತಿಯನ್ನು ಊಹಿಸುವುದು ತಪ್ಪಿಲ್ಲ.

ನಗರದಲ್ಲಿ ವಾಸಿಸುವವನು ನಾಗರಿಕನೆಂದು ತರಗತಿಯಲ್ಲಿ ವ್ಯುತ್ಪತ್ತಿ ಹೇಳಿಕೊಟ್ಟವರು ನಾವು. ನಗರದ ಯಾವ ಬೀದಿಯಲ್ಲಿ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ.

ಅಂತಹ ವಿದ್ಯಾರ್ಥಿಗಳಲ್ಲೊಬ್ಬನಿಗೆ ಹೋದ ವರ್ಷ ಮೈಸೂರಿಗೆ ವರ್ಗವಾಯಿತು. ಅವನೊಡನೆ ಮನೆ ನೋಡಲು ನಾವೂ ಹೊರಟೆವು. ಒಂದು ಕಡೆ ಮನೆಯೊಡತಿಯು ಬಾಡಿಗೆ, ಮುಂಗಡ ಎಲ್ಲವನ್ನೂ ಮಾತನಾಡಿ, ಕಾಫಿಯನ್ನೂ ಕೊಟ್ಟು, “ನೀವು ಯಾವ ಪೈಕಿ?” ಎಂದರು. ಅವನು ಸಂಕೋಚವಿಲ್ಲದೆ ಹೇಳಿದನು. “ಯಜಮಾನರನ್ನು ಕೇಳಿ ತಿಳಿಸುತ್ತೇನೆ” ಎಂದರು. ತಿಳಿಸಲಿಲ್ಲ. ‘ಮನೆ ಬಾಡಿಗೆಗಿದೆ’ ಎಂಬ ಫಲಕವು ವಾರ ಕಳೆದರೂ ಅಲ್ಲಿಯೇ ಇದ್ದಿತು.

ಅಸ್ಪೃಶ್ಯತೆಯ ಕಾರಣದಿಂದ ಒಬ್ಬನಿಗೆ ಯಾವ ಪ್ರದೇಶದಲ್ಲಿಯೇ ಆಗಲಿ ವಾಸದ ಮನೆಯನ್ನು ತಪ್ಪಿಸುವುದು 1955ರ ಶಾಸನದಂತೆ ದಂಡಾರ್ಹವಾದ ಅಪರಾಧ. ಆದರೆ “ಕೇಳಿ ತಿಳಿಸುತ್ತೇನೆ” ಎಂಬ ಸೌಜನ್ಯದ ಮಾತಿನ ಮೇಲೆ ದೂರು ಕೊಡುವುದು ಹೇಗೆ?

ಆ ಗೃಹಿಣಿಯನ್ನು ದೂರುವ ಅಧಿಕಾರವೂ ನಮಗಿಲ್ಲ. ನಮ್ಮ ಮನೆಯ ಮೇಲಂತಸ್ತು ಆಗ ಖಾಲಿಯಿದ್ದಿತು. ಅದು ಅವನಿಗೂ ಗೊತ್ತಿದ್ದಿತು. ಹಿಂದಿರುಗುವಾಗ ದಾರಿಯುದ್ದಕ್ಕೂ ಅವನು ಆ ಮಾತನ್ನೆತ್ತಲಿಲ್ಲ, ನಾವೂ ಎತ್ತಲಿಲ್ಲ. ಮನೆಯಾಕೆಯೊಡನೆ ಅದನ್ನು ಪ್ರಸ್ತಾಪಿಸಲು ನಮಗೆ ಎಂಟು ದಿನ ಬೇಕಾಯಿತು. “ಬರಹೇಳಿ, ಅದಕ್ಕೇನಂತೆ” ಎಂದಳು ಅವಳು. ಅಷ್ಟರೊಳಗೆ ಅವನು ಅಶೋಕಪುರದಲ್ಲಿ ಮನೆ ಹಿಡಿದಿದ್ದನು.