ಹಳೆಯ ಮನೆ, ಹಳತರ ವೇಷ

ಹಳೆಯ ಮನೆಯನ್ನು ಕೆಡವಿದ ಕೈಯೇ ಹಳೆಯ ಮನೆಯ ವೇಷವನ್ನು ಕಟ್ಟಲು ತೊಡಗಿರುವುದು ನಮ್ಮ ಕಾಲದ ಒಂದು ವೈಚಿತ್ರ್ಯ. ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಕಣ್ಣು ತೆರೆದು ಕುಳಿತವರಿಗೆ ಇದಕ್ಕೆ ನಿದರ್ಶನಗಳು ದೊರೆಯದೆ ಇರವು. ಊರೊಳಗೆ, ತೊಲೆ ಜಂತಿಗಳನ್ನು ಕಳಚಿ ಮಾರಿದ ಮೇಲೆ ಉಳಿದ ಮಾಳಿಗೆ ಮನೆಗಳ ಮೋಟುಗೋಡೆಗಳು. ಊರ ಹೊರಗೆ, ಸಿಮೆಂಟಿನ ಕಂಬಕ್ಕೆ ತೇಗದ ಬಣ್ಣ ಬಳಿದು, ಕಾಂಕ್ರೀಟಿನ ಚಾವಣಿಯ ಅಂಚಿಗೆ ಕೆಂಪು ಹೆಂಚಿನ ಸಾಲೊಂದನ್ನು ಅಂಟಿಸಿ, ಹಳ್ಳಿಯ ಸೊಗಡನ್ನು ಮಾರುವ ಊಟದ ಮನೆಗಳು. ಈ ಎರೆಸೀಮೆಯ ಹಳ್ಳಿಯ ಮನೆ ಹೆಂಚಿನದಲ್ಲ, ಮಣ್ಣಿನ ಮಾಳಿಗೆಯದು. ಆ ಕೆಂಪು ಹೆಂಚಾದರೂ ಎಷ್ಟು ಹಳೆಯದು? 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ನಾಡಿಗೆ ಹಬ್ಬಿದ ಸರಕು ಅದು. ಹೀಗೆ ನಮ್ಮ ‘ಸಂಪ್ರದಾಯ’ವು ನಮ್ಮೂರಿನದೂ ಅಲ್ಲ, ಬಹಳ ಹಳೆಯದೂ ಅಲ್ಲ.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಈ ವಾದ ಹಿಂದಿನಿಂದಲೂ ನಡೆದುಬಂದಿದೆ. ಓಕ್ ಮರದ ಚೌಕಟ್ಟೇ ಭಾರ ಹೊತ್ತು ನಿಂತ ಮನೆಗಳು ಅಲ್ಲಿ ಇವೆ. ಇಟ್ಟಿಗೆಯ ಗೋಡೆಗೆ ಕರಿಯ ಹಲಗೆಗಳನ್ನು ಮೊಳೆ ಹೊಡೆದು, ತಾವೂ ಟ್ಯೂಡರ್ ಅರಸರ ಕಾಲದವೆಂದು ತೋರಿಸಿಕೊಳ್ಳುವ ಮನೆಗಳೂ ಇವೆ. 1849ರಲ್ಲಿ ಜಾನ್ ರಸ್ಕಿನ್ ವಾಸ್ತುಕಲೆಯ ಏಳು ದೀಪಗಳನ್ನು ಎಣಿಸುವಾಗ ಸತ್ಯವನ್ನೂ ಒಂದು ದೀಪವೆಂದ. 1877ರಲ್ಲಿ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆಂದೇ ಒಂದು ಸಂಘವನ್ನು ಕಟ್ಟಿದ. ಜೀರ್ಣೋದ್ಧಾರದ ಹೆಸರಿನಲ್ಲಿ ಹೊಸ ಹಳತನ್ನು ಸೃಷ್ಟಿಸಬಾರದು, ಇದ್ದುದನ್ನು ದಿನದಿನದ ಆರೈಕೆಯಿಂದ ಉಳಿಸಿಕೊಳ್ಳಬೇಕು ಎಂಬುದು ಅವನ ನಿಲುವು. 1993ರಲ್ಲಿ ಕಟ್ಟಡದ ಕೆಲಸ ಮೊದಲಾದ ಡಾರ್ಸೆಟ್ ಸೀಮೆಯ ಪೌಂಡ್‌ಬರಿ, ಅಂದು ಯುವರಾಜರಾಗಿದ್ದ ಚಾರ್ಲ್ಸರ ಇಷ್ಟದ ಊರು, ಇದೇ ವಾದವನ್ನು ಮತ್ತೆ ಎಬ್ಬಿಸಿತು. ಹೊಸ ಊರಿಗೆ ಹಳೆಯ ಮುಖವೇಕೆಂದು ಹಲವರು ನಕ್ಕರು. ಮನೆಯಿಂದ ಅಂಗಡಿಗೂ ಕೆಲಸಕ್ಕೂ ನಡೆದೇ ಹೋಗಬಹುದಾದ ಊರೆಂದು ಕೆಲವರು ಮೆಚ್ಚಿದರು.

ನಮ್ಮ ಮಾಳಿಗೆ ಮನೆಯ ಸತ್ಯ ಯಾವುದು? ಕಲ್ಲು ಮಣ್ಣು ಸೇರಿದ ದಪ್ಪ ಗೋಡೆ; ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಚಕ್ಕೆ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ಆ ಮಣ್ಣಿನ ಮೇಲ್ಮೈಗೆ ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣನ್ನು ಹರಡುತ್ತಿದ್ದರು. ಉಪ್ಪಿನ ಗುಣದಿಂದ ಅದರ ಸಣ್ಣ ಕಣಗಳು ನೀರು ತಾಕಿದೊಡನೆ ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ. ಬೆಳೆಗೆ ಬಾರದ ಮಣ್ಣು ಹೀಗೆ ಸೂರಿಗೆ ಬಂದಿತು. 1953ರಲ್ಲಿ ಸಿದ್ಧವಾದ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಸಿಂಧನೂರಿಗೆ ಭತ್ತವನ್ನೂ ಸಿರಿಯನ್ನೂ ತಂದಿತು. ನೀರು ಮಿತಿಮೀರಿದ ಕಡೆ ಹೊಲಗಳನ್ನು ಸವುಳನ್ನಾಗಿಯೂ ಮಾಡಿತು. ಮಾಳಿಗೆಗೆ ಬೇಕಾಗಿದ್ದ ಮಣ್ಣು ಈಗ ಹೊಲದಲ್ಲಿ ಬೇಕಾದಷ್ಟಿದೆ, ಮಾಳಿಗೆ ಮಾತ್ರ ಇಲ್ಲ. ನಲವತ್ತು ಡಿಗ್ರಿಗೆ ಮೀರಿ ಕಾಯುವ ಈ ಸೀಮೆಯ ಬೇಸಗೆಯಲ್ಲಿ ಹಗಲಿನ ಕಾವು ಒಳಗಿಳಿಯದಂತೆ ತಡೆಯುತ್ತಿದ್ದ ಗೋಡೆ, ಹೊಗೆಗೆ ದಾರಿ ಬಿಟ್ಟು ಬೆಳಕನ್ನು ಇಳಿಸುತ್ತಿದ್ದ ಬೆಳಕಿಂಡಿ, ಇರುಳು ಮಲಗುವುದಕ್ಕೂ ಹಗಲು ಕಾಳು ಹರಡುವುದಕ್ಕೂ ಒದಗುತ್ತಿದ್ದ ಮೇಲ್ಮಾಳಿಗೆ: ಇವುಗಳಲ್ಲಿ ಒಂದೂ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಚೆಲುವೇನಾದರೂ ಇದ್ದರೆ ಅದು ಉಪಯೋಗದ ಬೆನ್ನ ಹಿಂದೆ ಬಂದದ್ದು.

ಇಷ್ಟು ಹೇಳಿ ಹಳೆಯ ಮನೆಗೆ ಆರತಿ ಎತ್ತಿ ಮುಗಿಸುವುದು ಸುಲಭ, ಅದು ನ್ಯಾಯವಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ರಾಯಚೂರು ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕದ ಉದ್ದಗಲಕ್ಕೂ ಮಣ್ಣಿನ ಮನೆಗಳು ನೆನೆದು ಕುಸಿದವು, ಜನ ಮಡಿದರು, ‘ಆಸರೆ’ ಎಂಬ ಹೆಸರಿನ ಯೋಜನೆಯಲ್ಲಿ ಊರುಗಳೇ ಹೊಸದಾಗಿ ಏಳಬೇಕಾಯಿತು. ಆ ಇರುಳನ್ನು ಕಂಡವನ ಮುಂದೆ ಮಣ್ಣಿನ ಮನೆಯ ಮಹಿಮೆಯನ್ನು ಹಾಡಲು ಯಾರಿಗೆ ನಾಲಗೆ ಬಂದೀತು? ವರ್ಷವರ್ಷವೂ ಮಾಳಿಗೆಗೆ ಮಣ್ಣು ಹೊತ್ತವರು, ದಿನದಿನವೂ ನೆಲ ಸಾರಿಸಿದವರು ಯಾರು ಎಂಬುದನ್ನೂ ಕೇಳಬೇಕು. ಪಡಸಾಲೆಯ ಕಂಬಗಳ ಕೆತ್ತನೆಯನ್ನು ಹೊಗಳುವವರು, ಆ ಪಡಸಾಲೆಯನ್ನು ಹತ್ತುವ ಹಕ್ಕು ಯಾರಿಗಿರಲಿಲ್ಲ ಎಂಬುದನ್ನು ಮರೆಯಬಾರದು. ಕಾಂಕ್ರೀಟಿನ ಎರಡು ಕೋಣೆ ದೊರೆತಾಗ ಬಡವನು ಬಿಟ್ಟ ನಿಟ್ಟುಸಿರು ನೆಮ್ಮದಿಯ ನಿಟ್ಟುಸಿರು. ಅವನು ಸಂಸ್ಕೃತಿದ್ರೋಹಿಯಲ್ಲ.

ಹಾಗಾದರೆ ನಮ್ಮ ದೂರು ಅನುಕರಣದ ಮೇಲೆಯೋ? ಅದೂ ಅಲ್ಲ. 1112ರ ಇಟಗಿಯ ಮಹಾದೇವ ದೇವಾಲಯದ ಗೋಡೆಗಳಲ್ಲಿ ಪುಟ್ಟ ಪುಟ್ಟ ಶಿಖರಗಳ ಪ್ರತಿಕೃತಿಗಳಿವೆ. ಅಜಂತೆಯ ಚೈತ್ಯಗಳಲ್ಲಿ ಮರದ ತೊಲೆಗಳ ರೂಪವನ್ನು ಕಲ್ಲಿನಲ್ಲಿ ಬಿಡಿಸಿದ್ದಾರೆ. ಮಸ್ಕಿಯ ಶಾಸನವಾದರೂ ಏನು? 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದ ಆ ಬರಹ ಒಂದು ನಕಲೇ. ಅದೇ ಧರ್ಮಲಿಪಿ ಕೊಪ್ಪಳದ ಗವಿಮಠದಲ್ಲಿದೆ, ಪಾಲ್ಕಿಗುಂಡಿನಲ್ಲಿದೆ, ದೂರದ ಉತ್ತರದಲ್ಲಿಯೂ ಇದೆ. ಆದರೆ ಮಸ್ಕಿಯ ನಕಲು ದೇವಾನಾಂಪ್ರಿಯನೆಂಬ ಬಿರುದಿನ ಜತೆಗೆ ಅಶೋಕನ ಹೆಸರನ್ನೂ ಹೇಳಿತು. ಆ ಪ್ರಿಯದರ್ಶಿ ಯಾರೆಂಬ ವಿದ್ವಾಂಸರ ಚರ್ಚೆಗೆ ಗಟ್ಟಿಯಾದ ಉತ್ತರ ನಮ್ಮ ಬಂಡೆಯಿಂದ ದೊರೆಯಿತು. ನಕಲಾಗಿಯೂ ತನ್ನದೊಂದು ಮಾತನ್ನು ಹೇಳಬಲ್ಲದ್ದು ನಕಲೆಂಬ ಕಾರಣಕ್ಕೆ ಹೀನವಾಗದು. 1956ರಲ್ಲಿ ಮುಗಿದ ವಿಧಾನಸೌಧವೂ ಹಳೆಯ ದ್ರಾವಿಡ ಶೈಲಿಯ ಅನುಕರಣವೇ. ಆದರೆ ಅಲ್ಲಿ ಕಲ್ಲು ಕಲ್ಲಾಗಿಯೇ ನಿಂತಿದೆ, ಶಿಲ್ಪಿಯ ಉಳಿಗೆ ಕೆಲಸ ಸಿಕ್ಕಿದೆ. ಮರದ ಬಣ್ಣದ ಸಿಮೆಂಟು ಕಂಬವಾದರೋ ಬಡಗಿಗೆ ಕೂಲಿಯನ್ನೂ ಕೊಡದು, ಬೋದಿಗೆಯ ಭಾರವನ್ನೂ ಹೊರದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿವೇಕ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗಕಾರನು, ಪಳಗನ್ನಡದ ಪ್ರಯೋಗಗಳು ಹಿಂದಿನ ಕಾವ್ಯಗಳಲ್ಲಿ ಸೊಗಸುವುವೇ ಹೊರತು ತನ್ನ ಕಾಲದವರು ಅವನ್ನು ತಂದು ತುರುಕಿದರೆ ರಸಕೆಡುತ್ತದೆಂದು ಎಚ್ಚರಿಸಿದ್ದಾನೆ. ಹಾಗೆಂದು ಹಳಗನ್ನಡದ ಬಾಗಿಲು ಎಂದೆಂದಿಗೂ ಮುಚ್ಚಿಹೋಯಿತೆ? ಬಿ.ಎಂ.ಶ್ರೀಯವರು ಗ್ರೀಕ್ ರುದ್ರನಾಟಕವನ್ನು ‘ಅಶ್ವತ್ಥಾಮನ್’ ಆಗಿಸುವಾಗ ಹಳಗನ್ನಡವನ್ನೇ ಆರಿಸಿಕೊಂಡರು. ಆ ವಸ್ತುವಿನ ಗಾಂಭೀರ್ಯ ಆ ನುಡಿಯನ್ನು ಬೇಡಿತ್ತು. ಬೇಡಿಕೆ ಒಳಗಿನಿಂದ ಬಂದರೆ ಹಳತು ಹೊಸದಾಗುತ್ತದೆ; ಹೊರಗಿನಿಂದ ಬಳಿದರೆ ಹೊಸದೂ ಹಳಸುತ್ತದೆ.

ಮನೆ ಕಟ್ಟುವವರಿಗೂ ಇದೇ ಮಾತು ಸಲ್ಲುತ್ತದೆ. ಹಳೆಯ ಮನೆಯಿಂದ ಕಲಿಯಬೇಕಾದದ್ದು ಅದರ ಮುಖವನ್ನಲ್ಲ, ಅದರ ಬುದ್ಧಿಯನ್ನು. ಕಾಂಕ್ರೀಟಿನ ಮನೆಯಾದರೂ ಬಿಸಿಲಿಗೆ ದಪ್ಪ ಗೋಡೆಯೋ ನೆರಳಿನ ಪಡಸಾಲೆಯೋ ಇರಲಿ. ಬಿಸಿಗಾಳಿ ಮೇಲೇರಿ ಹೋಗಲು ಕಿಂಡಿಯಿರಲಿ. ಕಲ್ಲು ಕಲ್ಲಿನಂತೆ, ಕಾಂಕ್ರೀಟು ಕಾಂಕ್ರೀಟಿನಂತೆ ಕಾಣಲಿ. ಇನ್ನೂ ಗಟ್ಟಿಯಾಗಿ ನಿಂತಿರುವ ಹಳೆಯ ಮನೆಗಳನ್ನು ಉಳಿಸಿಕೊಳ್ಳುವ ಒಡೆಯರಿಗೆ ದುರಸ್ತಿಯ ಖರ್ಚಿನಲ್ಲಿ ಸರಕಾರ ಕೈಜೋಡಿಸಲಿ. ಮನೆಗೆ ಮನೆಯನ್ನೇ ಕಳಚಿ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುವ ಪ್ರಯತ್ನಗಳು ಮಣಿಪಾಲದಲ್ಲಿ ನಡೆದಿವೆ. ಚೆನ್ನೈಯ ಹೊರವಲಯದ ದಕ್ಷಿಣಚಿತ್ರದಲ್ಲಿ ನಮ್ಮ ನೆರೆಯ ಇಳಕಲ್ಲಿನ ನೇಕಾರನ ಮನೆಯನ್ನು ನೋಡಬಹುದು. ಅವು ಸ್ತುತ್ಯವಾದ ಕೆಲಸಗಳು. ಆದರೆ ಇಳಕಲ್ಲಿನ ಮನೆಯನ್ನು ಕಾಣಲು ಲಿಂಗಸುಗೂರಿನ ಹುಡುಗ ಚೆನ್ನೈಗೆ ಹೋಗಬೇಕಾಗಿ ಬರುವುದು ನಮಗೆ ಗೌರವದ ಮಾತಲ್ಲ.

ಇದರಲ್ಲಿ ಕನ್ನಡದ ಅಧ್ಯಾಪಕರ ಪಾಲೂ ಒಂದಿದೆ. ಮನೆ ಬಿದ್ದಾಗ ಮಾತೂ ಬೀಳುತ್ತದೆ. ಬೋದಿಗೆ, ಜಂತಿ, ಬೆಳಕಿಂಡಿ, ಹಗೇವು: ಈ ಶಬ್ದಗಳಿಗೆ ಅರ್ಥ ಬರೆಸುವುದು ಸುಲಭ, ಅವುಗಳ ಕೆಳಗೆ ನಿಂತು ತಲೆಯೆತ್ತಿ ನೋಡಿದ ವಿದ್ಯಾರ್ಥಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಮ್ಮ ಕಾಲೇಜುಗಳ ಹುಡುಗರು ರಜೆಯಲ್ಲಿ ತಮ್ಮ ತಮ್ಮ ಊರಿನ ಒಂದೊಂದು ಮನೆಯನ್ನು ಅಳೆದು, ನಕ್ಷೆ ಬರೆದು, ಭಾಗಭಾಗದ ಹೆಸರನ್ನು ಅಲ್ಲಿ ಬಾಳಿದ ಅಜ್ಜಿಯ ಬಾಯಿಂದಲೇ ಕೇಳಿ ದಾಖಲಿಸಲಿ. ಮಾಳಿಗೆ ಸೋರಿದ ಇರುಳಿನ ಕಥೆಯನ್ನೂ ಬಿಡದೆ ಬರೆದುಕೊಳ್ಳಲಿ. ಹಳತನ್ನು ಹೀಗೆ ಗುಣದೋಷಗಳೊಡನೆ ಅರಿತವರಿಗೆ ಅದರ ವೇಷ ಕಟ್ಟುವ ಹಂಬಲ ತಾನಾಗಿಯೇ ಕಡಿಮೆಯಾದೀತು.