ಬೀರುವಿನಲ್ಲಿರೋ ಪಾಮ್ ಎಸೆಯೋ ಮುಂಚೆ

2001ರ ಪಾಮ್ ಎಂ500 ನಿಮ್ಮನೆ ಬೀರುವಿನಲ್ಲೂ ಇರಬಹುದು. ಅದರಲ್ಲಿ ಫೋನ್ ನಂಬರು, ಡೈರಿ, ಟಿಪ್ಪಣಿ ಎಲ್ಲಾ ಇರುತ್ತಿದ್ದದ್ದು ರ‍್ಯಾಮ್‌ನಲ್ಲಿ. ಬ್ಯಾಟರಿ ಪೂರ್ತಿ ಸತ್ತರೆ ಎಲ್ಲವೂ ಮಾಯ! ಉಳಿಯೋದು ಎರಡೇ ಕಡೆ: ಹಾಟ್‌ಸಿಂಕ್ ಮಾಡಿದ್ದ ಕಂಪ್ಯೂಟರಿನಲ್ಲಿ, ಇಲ್ಲವೇ ತಲೆಭಾಗದಲ್ಲಿ ಸಿಕ್ಕಿಸಿದ ಎಸ್‌ಡಿ ಕಾರ್ಡಿನಲ್ಲಿ.

ಸೋದರಮಾವ ತೀರಿಕೊಂಡ ಮೇಲೆ ಅವರ ಪಾಮ್ ನನ್ನ ಕೈಗೆ ಬಂತು. ಚಾರ್ಜ್ ಮಾಡಿದರೆ ಒಳಗೆಲ್ಲ ಖಾಲಿ. ಆದರೆ ಮಾವ ಕಾರ್ಡಿಗೆ ಬ್ಯಾಕಪ್ ತೆಗೆದಿಟ್ಟಿದ್ದರು. ಇದರ ನೋಟ್ ಪ್ಯಾಡ್‌ನಲ್ಲಿ ಗೀಚಿದ್ದು ಕೈಬರಹವಾಗಿಯೇ ಉಳಿಯುತ್ತೆ. ಅತ್ತೆಗೆ ತೋರಿಸಿದೆ: ಸಾಮಾನಿನ ಪಟ್ಟಿ, ಅವರದೇ ಅಕ್ಷರ. ಅತ್ತೆ ಬಹಳ ಹೊತ್ತು ನೋಡ್ತಾ ಕೂತರು.

ನಿಮಗೂ ಸಿಕ್ಕರೆ, ಕಾರ್ಡನ್ನು ರೀಡರಿಗೆ ಹಾಕಿ, ಮೊದಲು ಎಲ್ಲಾ ಕಾಪಿ ಮಾಡಿಕೊಳ್ಳಿ. ಕಂಪ್ಯೂಟರು ‘ಫಾರ್ಮ್ಯಾಟ್ ಮಾಡಲಾ?’ ಅಂದರೆ ಬೇಡ ಅನ್ನಿ. ಪಿಡಿಬಿ ಅಂತ ಕೊನೆಯಾಗೋದು ಮಾಹಿತಿ, ಪಿಆರ್‌ಸಿ ಅಂದರೆ ಪ್ರೋಗ್ರಾಮು. ಬ್ರೌಸರಿನಲ್ಲೇ ಓಡುವ ಕ್ಲೌಡ್‌ಪೈಲಟ್ ಎಮ್ಯುಲೇಟರಿನಲ್ಲಿ ಇವನ್ನು ತೆರೆಯಬಹುದು. ಪಾಮ್‌ನ ಮೂಲ ಸಿಸ್ಟಮ್ ಫೈಲೂ ಬೇಕಾಗುತ್ತೆ. ಹಳೇ ಆಟ, ಆ್ಯಪ್ ಬೇಕಿದ್ದರೆ 2022ರಿಂದ ಇಂಟರ್ನೆಟ್ ಆರ್ಕೈವ್‌ನಲ್ಲಿ ದೊಡ್ಡ ಸಂಗ್ರಹವೇ ಇದೆ. ಪಾಮ್‌ಗೆ ಹೊಸ ಕಾರ್ಡು ಕೊಳ್ಳೋದಾದರೆ ಎಸ್‌ಡಿಎಚ್‌ಸಿ ಬೇಡ, ಅದನ್ನು ಇದು ಗುರುತಿಸಲ್ಲ.

ಈ ಭಾನುವಾರ ಬೀರು ಒಮ್ಮೆ ತೆಗೆದು ನೋಡಿ.